ಯಂತ್ರ ಮುದಿಯಾದ ಮೇಲೆ ಸಿನಿಮಾ ಎಲ್ಲಿರುತ್ತದೆ: ‘ದಿ ಎರ್ಲ್ ಕಿಂಗ್’ ಪ್ರಕರಣ

2004ರ ಮಾರ್ಚ್ 19ರಿಂದ ಮೇ 16ರವರೆಗೆ ನ್ಯೂಯಾರ್ಕ್‌ನ ಗುಗೆನ್‌ಹೈಮ್ ಮ್ಯೂಸಿಯಂನಲ್ಲಿ ‘ಸೀಯಿಂಗ್ ಡಬಲ್’ ಎಂಬ ಪ್ರದರ್ಶನ ನಡೆಯಿತು. ಅಲ್ಲಿ ಕಲಾಕೃತಿಗಳನ್ನು ಜೋಡಿಯಾಗಿ ಇಡಲಾಗಿತ್ತು. ಒಂದು ಕಡೆ ಹಳೆಯ ಯಂತ್ರದ ಮೇಲೆ ಓಡುವ ಕೃತಿ, ಪಕ್ಕದಲ್ಲೇ ಹೊಸ ಕಂಪ್ಯೂಟರ್ ಹಳೆಯದರ ವೇಷ ಹಾಕಿಕೊಂಡು ಓಡಿಸುವ ಅದೇ ಕೃತಿ. ಎರಡನ್ನೂ ನೋಡಿ, ವ್ಯತ್ಯಾಸ ಕಾಣುತ್ತದೆಯೇ ಹೇಳಿ ಎಂಬುದು ನೋಡುಗರಿಗೆ ಕೊಟ್ಟ ಕೆಲಸ. ಆ ಜೋಡಿಗಳಲ್ಲಿ ಅತ್ಯಂತ ಜಟಿಲವಾದದ್ದು ಗ್ರಹಾಂ ವೈನ್‌ಬ್ರೆನ್ ಮತ್ತು ರಾಬರ್ಟಾ ಫ್ರೀಡ್‌ಮನ್ 1982ರಿಂದ 1985ರವರೆಗೆ ಕೂತು ಮಾಡಿದ ‘ದಿ ಎರ್ಲ್ ಕಿಂಗ್’, ನೋಡುಗ ಪರದೆ ಮುಟ್ಟಿ ದೃಶ್ಯಗಳ ದಾರಿ ಬದಲಿಸುವ ಇಂಟರ್‌ಆಕ್ಟಿವ್ ಸಿನಿಮಾ.

ಇಂಟರ್‌ಆಕ್ಟಿವ್ ಸಿನಿಮಾದ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಬೇರೆ ಕಡೆಯಿಂದ ಶುರುಮಾಡುತ್ತಾರೆ. 1967ರ ಮಾಂಟ್ರಿಯಲ್ ಎಕ್ಸ್‌ಪೋದಲ್ಲಿ ಚೆಕೊಸ್ಲೊವಾಕಿಯಾದ ಮಂಟಪದಲ್ಲಿ ನಡೆದ ಕಿನೊಆಟೊಮಾಟ್ ಎಲ್ಲರ ಬಾಯಲ್ಲೂ ಇರುವ ಉದಾಹರಣೆ: ಚಿತ್ರ ನಡುವೆ ನಿಲ್ಲುತ್ತದೆ, ನಿರೂಪಕ ವೇದಿಕೆಗೆ ಬರುತ್ತಾನೆ, ಪ್ರೇಕ್ಷಕರು ಕೆಂಪು ಅಥವಾ ಹಸಿರು ಗುಂಡಿ ಒತ್ತಿ ಮತ ಹಾಕುತ್ತಾರೆ. ಯಾವ ಕಡೆ ಮತ ಬಿದ್ದರೂ ಕಥೆ ಕೊನೆಗೆ ಒಂದೇ ಕಡೆ ಬಂದು ಸೇರುವ ಹಾಗೆ ಅದನ್ನು ಹೆಣೆದಿದ್ದರು. ಆದರೆ ಉಳಿಸಿಕೊಳ್ಳುವ ದೃಷ್ಟಿಯಿಂದ ಕಿನೊಆಟೊಮಾಟ್ ಸುಲಭದ ಕೃತಿ. ರೀಲುಗಳಿದ್ದರೆ, ಪ್ರೊಜೆಕ್ಟರ್ ನಡೆಸುವವನೊಬ್ಬ ಇದ್ದರೆ, ಮತ ಎಣಿಸಲು ಕೈ ಎತ್ತಿಸಿದರೂ ಸಾಕು, ಇವತ್ತೂ ಅದನ್ನು ನಡೆಸಬಹುದು. ತೀರ್ಮಾನ ತೆಗೆದುಕೊಳ್ಳುವವರು ಮನುಷ್ಯರು. ‘ದಿ ಎರ್ಲ್ ಕಿಂಗ್’ನಲ್ಲಿ ಆ ಕೆಲಸ ಯಂತ್ರದ್ದು. ನೋಡುಗನ ಬೆರಳು ಪರದೆಗೆ ತಾಗಿದ ಕ್ಷಣ ಮುಂದೇನು ಬರಬೇಕು ಎಂಬುದು ಕೋಡ್‌ನಲ್ಲಿ ಬರೆದಿತ್ತು. ಯಂತ್ರ ನಿಂತರೆ ಕೈಯಲ್ಲಿ ಉಳಿಯುವುದು ಒಂದಷ್ಟು ಬಿಡಿ ವಿಡಿಯೊ ತುಣುಕು.

ಡಿಜಿಟಲ್ ಮಾಧ್ಯಮದಲ್ಲಿ ಸಂಶೋಧನೆಯನ್ನೂ ಕಲೆಯನ್ನೂ ಒಟ್ಟಿಗೆ ಮಾಡುವವರು ಈ ಪ್ರಕರಣವನ್ನು ಬಿಡಿಸಿ ನೋಡಲೇಬೇಕು ಎಂದು ನನಗೆ ಅನ್ನಿಸಲು ಕಾರಣ ಇದೇ. ಇಂಥ ಸಿನಿಮಾದಲ್ಲಿ ‘ಕೃತಿ’ ಎಂದು ಯಾವುದನ್ನು ಕರೆಯುತ್ತೇವೆ ಎಂಬುದನ್ನು ಇಲ್ಲಿ ತೇಲಿಸಿ ಮಾತಾಡಲು ಆಗುವುದಿಲ್ಲ. ಒಬ್ಬ ಪ್ರೋಗ್ರಾಮರ್ ಮುಂದೆ ಕೂತು, ಇದನ್ನು ಉಳಿಸು, ಅದನ್ನು ಬಿಟ್ಟರೂ ನಡೆದೀತು ಎಂದು ಸಾಲುಸಾಲಾಗಿ ಹೇಳಬೇಕಾಗುತ್ತದೆ.

ಎರಡು ಕಥೆ, ಒಬ್ಬ ಕುರುಡು ಅಪ್ಪ

ಮೊದಲು ಕೃತಿಯ ಒಳಗೆ ಏನಿದೆ ನೋಡೋಣ. ಅದನ್ನು ಬಿಟ್ಟು ತಂತ್ರಜ್ಞಾನದ ಮಾತು ಆಡಿದರೆ ಅರ್ಧ ವಿಷಯವೇ ತಪ್ಪಿಹೋಗುತ್ತದೆ.

ಹೆಸರು ಬಂದಿರುವುದು ಜರ್ಮನ್ ಕವಿ ಗಯಟೆ 1782ರಲ್ಲಿ ಬರೆದ ಲಾವಣಿಯಿಂದ. ಶೂಬರ್ಟ್ ಅದಕ್ಕೆ 1815ರಲ್ಲಿ, ತನ್ನ ಹದಿನೆಂಟನೆಯ ವಯಸ್ಸಿನಲ್ಲಿ, ರಾಗ ಹಾಕಿದ. ರಾತ್ರಿ, ಗಾಳಿ, ಅಪ್ಪ ಮಗನನ್ನು ತಬ್ಬಿಕೊಂಡು ಕುದುರೆ ಓಡಿಸುತ್ತಿದ್ದಾನೆ. ಮಗನಿಗೆ ಎರ್ಲ್ ಕಿಂಗ್ ಎಂಬ ಮಾಯಾವಿ ಕಾಣುತ್ತಾನೆ, ಕರೆಯುವುದೂ ಕೇಳಿಸುತ್ತದೆ. ಅಪ್ಪ ಮಾತ್ರ ಅದು ಮಂಜು ಮಗೂ, ಅದು ಒಣ ಎಲೆಯ ಸದ್ದು ಎಂದು ಸಮಾಧಾನ ಹೇಳುತ್ತಲೇ ಇರುತ್ತಾನೆ. ಮನೆ ಮುಟ್ಟುವಾಗ ಮಗು ಸತ್ತಿರುತ್ತದೆ. ನಿರೂಪಕ, ಅಪ್ಪ, ಮಗ, ಮಾಯಾವಿ ಈ ನಾಲ್ಕು ದನಿಗಳನ್ನೂ ಒಬ್ಬರೇ ಹಾಡಬೇಕು. ಶೂಬರ್ಟ್‌ನ ಹಾಡಿನ ಕಷ್ಟವೂ ಸೊಗಸೂ ಅಲ್ಲಿದೆ.

ಇನ್ನೊಂದು ಎಳೆ ಫ್ರಾಯ್ಡ್ ಕನಸುಗಳ ಬಗ್ಗೆ ಬರೆದ ಪುಸ್ತಕದ ಏಳನೆಯ ಅಧ್ಯಾಯದ್ದು. ಅಪ್ಪನೊಬ್ಬ ಕಾಯಿಲೆಯ ಮಗುವಿನ ಪಕ್ಕ ರಾತ್ರಿಹಗಲು ಕೂತಿದ್ದ. ಮಗು ತೀರಿಕೊಂಡ ಮೇಲೆ, ಹೆಣ ಕಾಯಲು ಒಬ್ಬ ಮುದುಕನನ್ನು ಕೂರಿಸಿ, ಬಾಗಿಲು ತೆರೆದಿಟ್ಟೇ ಪಕ್ಕದ ಕೋಣೆಯಲ್ಲಿ ಮಲಗಿದ. ಹೆಣದ ಸುತ್ತ ಮೋಂಬತ್ತಿ ಉರಿಯುತ್ತಿದ್ದವು. ಕನಸಿನಲ್ಲಿ ಮಗು ಬಂದು ಅವನ ತೋಳು ಹಿಡಿದು, ‘ಅಪ್ಪಾ, ನಾನು ಉರಿಯುತ್ತಿರುವುದು ನಿನಗೆ ಕಾಣುತ್ತಿಲ್ಲವೇ?’ ಎಂದು ಆಕ್ಷೇಪಿಸುತ್ತದೆ. ಎದ್ದು ನೋಡಿದರೆ ಮುದುಕ ನಿದ್ದೆಹೋಗಿದ್ದಾನೆ, ಮೋಂಬತ್ತಿಯೊಂದು ಬಿದ್ದು ಮಗುವಿನ ತೋಳು ಸುಟ್ಟಿದೆ. ಬೆಳಕು ಕಣ್ಣಿಗೆ ಬಿದ್ದರೂ ಅಪ್ಪ ಯಾಕೆ ತಕ್ಷಣ ಏಳಲಿಲ್ಲ? ಕನಸಿನಲ್ಲಾದರೂ ಮಗು ಇನ್ನೊಂದು ಗಳಿಗೆ ಬದುಕಿರಲಿ ಎಂಬ ಆಸೆ ಎನ್ನುವುದು ಫ್ರಾಯ್ಡ್ ಕೊಟ್ಟ ವಿವರಣೆಯ ಒಂದು ಭಾಗ.

ಎರಡರಲ್ಲೂ ಮಗು ಕರೆಯುತ್ತಿದೆ, ಅಪ್ಪನಿಗೆ ತಿಳಿಯುತ್ತಿಲ್ಲ. ವೈನ್‌ಬ್ರೆನ್ ಮತ್ತು ಫ್ರೀಡ್‌ಮನ್ ಇವನ್ನು ಒಂದರ ನಂತರ ಒಂದಾಗಿ ಹೇಳುವುದಿಲ್ಲ. ಹಾಡು ನಡೆಯುತ್ತಿರುವಾಗ ನೋಡುಗ ಪರದೆ ಮುಟ್ಟಿದರೆ ಕನಸಿನ ಎಳೆ ತೂರಿ ಬರಬಹುದು. ಅಲ್ಲಿ ಮುಟ್ಟಿದರೆ ಮತ್ತೊಂದು ಚಿತ್ರ, ಅದರಿಂದ ಇನ್ನೊಂದು. ಮುಟ್ಟಿದ್ದು ಯಾವಾಗ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಇದು ಪಟ್ಟಿ ತೋರಿಸಿ ಆರಿಸಿಕೊಳ್ಳಿ ಎನ್ನುವ ಸಿನಿಮಾ ಅಲ್ಲ, ಓಡುತ್ತಿರುವ ದೃಶ್ಯಕ್ಕೆ ಕೈಹಾಕಿ ತಡೆಯುವ ಸಿನಿಮಾ. ಫ್ರಾಯ್ಡ್‌ನ ಕನಸಿನಲ್ಲಿ ಒಂದು ಚಿತ್ರದ ಹಿಂದೆ ಹಲವು ನೆನಪುಗಳು ಒತ್ತೊತ್ತಾಗಿ ಕೂತಿರುತ್ತವಲ್ಲ, ಮೊದಲು ಕೊನೆ ಎಂಬ ಕ್ರಮವಿಲ್ಲದೆ, ಅದನ್ನೇ ಕಥನದ ಮಾದರಿಯಾಗಿ ಇಟ್ಟುಕೊಂಡಿದ್ದಾಗಿ ವೈನ್‌ಬ್ರೆನ್ ಮುಂದೆ ತಮ್ಮ ಬರಹಗಳಲ್ಲಿ ವಾದಿಸಿದರು. 1995ರಲ್ಲಿ ಅವರು ಬರೆದ ಪ್ರಬಂಧವೊಂದರ ಶೀರ್ಷಿಕೆಯೇ ಕಥಾಸರಿತ್ಸಾಗರವನ್ನು ನೆನಪಿಸುತ್ತದೆ: ಕಥೆಯ ಹೊಳೆಗಳು ಸೇರುವ ಕಡಲು. ಅವರಿಗೆ ಆ ರೂಪಕ ದಾಟಿಬಂದದ್ದು ಸಲ್ಮಾನ್ ರಶ್ದಿಯ ಕಾದಂಬರಿಯಿಂದ. ಕಥೆ ಹೇಳುವಾಗ ನಡುವೆ ಬಾಯಿಹಾಕುವ ಕೇಳುಗ, ಅವನ ಪ್ರಶ್ನೆಗೆ ಇನ್ನೊಂದು ಕಥೆ, ಅದರೊಳಗೆ ಮತ್ತೊಂದು. ಕಥಾಸರಿತ್ಸಾಗರದ ಕರ್ತೃ ಸೋಮದೇವನನ್ನು ಓದಿದವರಿಗೆ ಈ ಕಟ್ಟಡ ಹೊಸದೇನಲ್ಲ. ಹೊಸದೆಂದರೆ ಇಲ್ಲಿ ಬಾಯಿಹಾಕುವವನು ಕಥೆಯೊಳಗಿನ ಪಾತ್ರವಲ್ಲ, ಮ್ಯೂಸಿಯಂಗೆ ಬಂದ ಅಪರಿಚಿತ.

ತಟ್ಟೆ ಸುತ್ತುವ ವೇಗ

ಈಗ ಯಂತ್ರ. ಸೋನಿ ಕಂಪನಿಯ ಎಸ್‌ಎಂಸಿ-70 ಎಂಬ ಕಂಪ್ಯೂಟರ್. ಜೆಡ್80 ಚಿಪ್, 64 ಕಿಲೋಬೈಟ್ ಮೆಮೊರಿ, ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಮ್. ಇವತ್ತು ಫೋನಿನಲ್ಲಿ ತೆಗೆದ ಒಂದು ಫೋಟೊ ಕೂಡ ಆ ಮೆಮೊರಿಯಲ್ಲಿ ಹಿಡಿಸದು. ಅಷ್ಟು ಚಿಕ್ಕ ಯಂತ್ರ ವಿಡಿಯೊವನ್ನು ಒಳಗೆ ಇಟ್ಟುಕೊಳ್ಳುವ ಮಾತೇ ಇರಲಿಲ್ಲ. ಚಿತ್ರಗಳಿದ್ದದ್ದು ಲೇಸರ್‌ಡಿಸ್ಕ್‌ಗಳಲ್ಲಿ, ಕಂಪ್ಯೂಟರ್ ಮಾಡುತ್ತಿದ್ದದ್ದು ಮೇಸ್ತ್ರಿ ಕೆಲಸ. ಪರದೆ ಎಲ್ಲಿ ಮುಟ್ಟಲಾಯಿತು ಎಂದು ತಿಳಿದುಕೊಳ್ಳುವುದು, ಯಾವ ಪ್ಲೇಯರ್ ಯಾವ ಫ್ರೇಮ್‌ಗೆ ಹೋಗಬೇಕು ಎಂದು ಆಜ್ಞೆ ಕೊಡುವುದು, ಯಾವ ಪ್ಲೇಯರ್‌ನ ಚಿತ್ರ ಪರದೆಗೆ ಹೋಗಬೇಕು ಎಂದು ಬದಲಾಯಿಸುವುದು.

ಲೇಸರ್‌ಡಿಸ್ಕ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಕೃತಿಯ ಸ್ವಭಾವದಲ್ಲಿ ಅರ್ಧಪಾಲು ಆ ತಟ್ಟೆಯಿಂದ ಬಂದದ್ದು. ಆ ಕಾಲದ ಇಂಟರ್‌ಆಕ್ಟಿವ್ ಕೆಲಸಗಳಿಗೆ ಬಳಸುತ್ತಿದ್ದ ಬಗೆಯ ಡಿಸ್ಕ್ ಅಮೆರಿಕದ ಟಿವಿ ಪದ್ಧತಿಯಲ್ಲಿ ನಿಮಿಷಕ್ಕೆ 1800 ಸುತ್ತು ಸುತ್ತುತ್ತದೆ, ಅಂದರೆ ಸೆಕೆಂಡಿಗೆ 30. ಒಂದು ಸುತ್ತಿಗೆ ಒಂದು ಫ್ರೇಮ್. ಒಂದು ಬದಿಗೆ 30 ನಿಮಿಷ, ಲೆಕ್ಕ ಹಾಕಿದರೆ 54,000 ಫ್ರೇಮ್. ಪ್ರತಿ ಫ್ರೇಮ್‌ಗೂ ಒಂದು ನಂಬರ್. ಈ ನಂಬರ್ ಇದ್ದದ್ದರಿಂದಲೇ ಸಿನಿಮಾವನ್ನು ಪುಸ್ತಕದ ಪುಟದ ಹಾಗೆ ಎಲ್ಲಿ ಬೇಕಾದರೂ ತೆರೆಯಬಹುದಾಯಿತು. ಎಂಐಟಿಯವರು 1970ರ ದಶಕದ ಕೊನೆಯಲ್ಲಿ ಆಸ್ಪೆನ್ ಊರಿನ ಬೀದಿಗಳಲ್ಲಿ ‘ಓಡಾಡುವ’ ಮೂವಿ ಮ್ಯಾಪ್ ಮಾಡಿದ್ದೂ, ಕಲಾವಿದೆ ಲಿನ್ ಹರ್ಷ್‌ಮನ್ ಲೀಸನ್ ‘ಲೋರ್ನಾ’ ಎಂಬ ಇಂಟರ್‌ಆಕ್ಟಿವ್ ಕೃತಿ ಮಾಡಿದ್ದೂ ಇದೇ ತಟ್ಟೆಯನ್ನು ನಂಬಿಕೊಂಡು.

ತೊಂದರೆ ಎಂದರೆ, ಒಂದು ಫ್ರೇಮ್‌ನಿಂದ ದೂರದ ಇನ್ನೊಂದಕ್ಕೆ ಹಾರಲು ಓದುವ ತಲೆ ಭೌತಿಕವಾಗಿ ಸರಿಯಬೇಕು. ಒಂದೆರಡು ಸೆಕೆಂಡು ಹಿಡಿಯಬಹುದು, ಅಷ್ಟು ಹೊತ್ತು ಪರದೆ ಕಪ್ಪು. ಸಿನಿಮಾದಲ್ಲಿ ಎರಡು ಸೆಕೆಂಡು ಕಪ್ಪು ಅಂದರೆ ನೋಡುಗ ಎದ್ದು ಹೋಗುವಷ್ಟು ಹೊತ್ತು. ಅದಕ್ಕೆ ಪರಿಹಾರವಾಗಿ ಒಂದಕ್ಕಿಂತ ಹೆಚ್ಚು ಪ್ಲೇಯರ್ ಇಡುತ್ತಿದ್ದರು: ಒಂದು ಚಿತ್ರ ತೋರಿಸುತ್ತಿರುವಾಗ ಇನ್ನೊಂದು ಮುಂದಿನ ಜಾಗ ಹುಡುಕಿ ಕಾಯುತ್ತಿರುತ್ತದೆ. ‘ದಿ ಎರ್ಲ್ ಕಿಂಗ್’ನಲ್ಲಿ ಮೂರು ಪ್ಲೇಯರ್‌ಗಳಿದ್ದವು. ಆದರೂ ನೋಡುಗ ಯಾವಾಗ ಮುಟ್ಟುತ್ತಾನೆ ಎಂದು ಮೊದಲೇ ತಿಳಿಯುವುದಿಲ್ಲವಲ್ಲ. ಹಾಗಾಗಿ ಯಾವ ತುಣುಕು ಯಾವ ತಟ್ಟೆಯಲ್ಲಿ, ಯಾವುದರ ಪಕ್ಕ ಯಾವುದು ಎಂಬ ಜೋಡಣೆಯೇ ಇಂಥ ಕೃತಿಗಳಲ್ಲಿ ಸಂಕಲನದ ಒಂದು ಭಾಗವಾಗುತ್ತದೆ. ಸಂಕಲನಕಾರ ಸಾಮಾನ್ಯವಾಗಿ ಎರಡು ಶಾಟ್‌ಗಳ ನಡುವಿನ ಸಂಬಂಧ ಯೋಚಿಸುತ್ತಾನೆ. ಇಲ್ಲಿ ಅವನು ಎರಡು ಶಾಟ್‌ಗಳ ನಡುವಿನ ದೂರವನ್ನು ಮಿಲಿಮೀಟರ್‌ಗಳಲ್ಲೂ ಯೋಚಿಸಬೇಕು.

ಇಪ್ಪತ್ತು ವರ್ಷದ ನಂತರ

2000ದ ಹೊತ್ತಿಗೆ ಈ ಇಡೀ ಸಂಸಾರ ಮುದಿಯಾಗಿತ್ತು. ಎಸ್‌ಎಂಸಿ-70 ಮಾರುಕಟ್ಟೆಯಿಂದ ಮಾಯವಾಗಿ ಎಷ್ಟೋ ಕಾಲವಾಗಿತ್ತು. ಲೇಸರ್‌ಡಿಸ್ಕ್ ಪ್ಲೇಯರ್‌ಗಳಿಗೆ ಬಿಡಿಭಾಗ ಸಿಗುವುದು ಕಷ್ಟ. ಡಿಸ್ಕ್‌ಗಳೂ ಚಿರಂಜೀವಿಗಳಲ್ಲ, ಒಳಗಿನ ಅಲ್ಯೂಮಿನಿಯಂ ಪದರ ಆಕ್ಸಿಡೈಸ್ ಆಗಿ ಚಿತ್ರದಲ್ಲಿ ಚುಕ್ಕೆಗಳು ಏಳುವ ಕಾಯಿಲೆ ಅವಕ್ಕೆ ಇದೆ.

ಗುಗೆನ್‌ಹೈಮ್‌ನಲ್ಲಿ ಆಗ ಕ್ಯುರೇಟರ್ ಆಗಿದ್ದ ಜಾನ್ ಇಪೊಲಿಟೊ ಮತ್ತು ಸಂಗಡಿಗರು ಇಂಥ ಕೃತಿಗಳಿಗೆಂದೇ ‘ವೇರಿಯಬಲ್ ಮೀಡಿಯಾ’ ಎಂಬ ವಿಧಾನ ಬೆಳೆಸುತ್ತಿದ್ದರು. ಮಾಂಟ್ರಿಯಲ್‌ನ ಡೇನಿಯಲ್ ಲಾಂಗ್ಲ್ವಾ ಪ್ರತಿಷ್ಠಾನ ಜೊತೆಗಿತ್ತು. ಅವರು ಮುಂದಿಟ್ಟ ದಾರಿ ನಾಲ್ಕು. ಯಂತ್ರವನ್ನು ಹಾಗೇ ಜೋಪಾನ ಮಾಡಿಡುವುದು ಒಂದು. ಕೃತಿಯನ್ನು ಹೊಸ ಯಂತ್ರಕ್ಕೆ ವರ್ಗಾಯಿಸುವುದು, ಅಂದರೆ ಮೈಗ್ರೇಶನ್, ಇನ್ನೊಂದು. ಹೊಸ ಯಂತ್ರ ಹಳೆಯದರ ಹಾಗೆ ನಡೆದುಕೊಳ್ಳುವಂತೆ ಮಾಡುವ ಎಮ್ಯುಲೇಶನ್ ಮೂರನೆಯದು. ಕೃತಿಯ ಆಶಯ ಹಿಡಿದು ಹೊಸದಾಗಿಯೇ ಮಾಡುವ ಮರುವ್ಯಾಖ್ಯಾನ ಕೊನೆಯದು, ಎಲ್ಲಕ್ಕಿಂತ ಅಪಾಯದ್ದು. ಕಲಾವಿದ ಬದುಕಿರುವಾಗಲೇ ಅವರಿಗೆ ಪ್ರಶ್ನಾವಳಿ ಕೊಟ್ಟು, ನಿಮ್ಮ ಕೃತಿಯಲ್ಲಿ ಯಾವುದು ಬದಲಾದರೆ ಪರವಾಗಿಲ್ಲ, ಯಾವುದು ಬದಲಾಗಕೂಡದು ಎಂದು ಕೇಳಿ ಬರೆದಿಡುವುದು ಈ ವಿಧಾನದ ಮೂಲ ನಡೆ.

ಎಮ್ಯುಲೇಶನ್ ಪರವಾಗಿ ಆಗ ಗಟ್ಟಿಯಾಗಿ ಮಾತಾಡುತ್ತಿದ್ದವರು ಅಮೆರಿಕದ ರ್‍ಯಾಂಡ್ ಎಂಬ ಸಂಶೋಧನಾ ಸಂಸ್ಥೆಯ ಜೆಫ್ ರೋಥನ್‌ಬರ್ಗ್. ಡಿಜಿಟಲ್ ಮಾಹಿತಿ ಶಾಶ್ವತವಾಗಿ ಉಳಿಯುತ್ತದೆ, ಅಥವಾ ಐದು ವರ್ಷ ಉಳಿಯುತ್ತದೆ, ಯಾವುದು ಮೊದಲೋ ಅದು ಎಂಬ ಅವರ ಕುಹಕ ಈ ವಲಯದಲ್ಲಿ ಎಲ್ಲರಿಗೂ ಬಾಯಿಪಾಠ. ‘ದಿ ಎರ್ಲ್ ಕಿಂಗ್’ ಕೆಲಸಕ್ಕೆ ಅವರು ಸಲಹೆಗಾರರಾದರು. ಕೋಡ್ ಬರೆದವರು ಐಸಾಕ್ ಡಿಮಿಟ್ರೋವ್‌ಸ್ಕಿ.

ಅವರು ಏನು ಮಾಡಿದರು ಎಂಬುದು ಮುಖ್ಯ. ಎರಡು ಸುಲಭದ ದಾರಿಗಳಿದ್ದವು, ಎರಡನ್ನೂ ಬಿಟ್ಟರು. ಕೃತಿ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಿಕೊಂಡು ಹೊಸ ಪ್ರೋಗ್ರಾಂ ಬರೆದುಬಿಡಬಹುದಿತ್ತು. ನೋಡುಗನಿಗೆ ಬಹುಶಃ ಗೊತ್ತೂ ಆಗುತ್ತಿರಲಿಲ್ಲ. ಅಥವಾ ಸೋನಿ ಯಂತ್ರವನ್ನು ಚಿಪ್ ಮಟ್ಟದಿಂದ ಪೂರ್ತಿಯಾಗಿ ಅನುಕರಿಸಲು ಹೊರಡಬಹುದಿತ್ತು. ಅವರು ಹಿಡಿದದ್ದು ನಡುವಿನ ದಾರಿ: 1980ರ ದಶಕದಲ್ಲಿ ಪಾಸ್ಕಲ್ ಭಾಷೆಯಲ್ಲಿ ಬರೆದ ಮೂಲ ಕೋಡನ್ನು ಹಾಗೇ ಉಳಿಸಿಕೊಂಡು, ಅದನ್ನು ಓದಿ ಪಾಲಿಸುವ ಇಂಟರ್‌ಪ್ರಿಟರ್ ಒಂದನ್ನು ಹೊಸ ಕಂಪ್ಯೂಟರ್‌ಗೆ ಬರೆದರು. ವಿಡಿಯೊವನ್ನು ಡಿಜಿಟಲ್ ಮಾಡಿಕೊಂಡರು. ಹಳೆಯ ಕೋಡ್ ಈಗಲೂ ತಾನು ಲೇಸರ್‌ಡಿಸ್ಕ್ ಪ್ಲೇಯರ್‌ಗಳಿಗೆ ಅಪ್ಪಣೆ ಕೊಡುತ್ತಿದ್ದೇನೆ ಎಂದೇ ತಿಳಿದುಕೊಂಡಿರುತ್ತದೆ. ಇಂಟರ್‌ಪ್ರಿಟರ್ ಆ ಅಪ್ಪಣೆಯನ್ನು ಹಿಡಿದು ಹಾರ್ಡ್‌ಡಿಸ್ಕ್‌ನಲ್ಲಿರುವ ಫೈಲ್‌ನ ಸರಿಯಾದ ಜಾಗಕ್ಕೆ ಕಳಿಸುತ್ತದೆ.

ಶುದ್ಧ ಎಮ್ಯುಲೇಶನ್ ಬಯಸುವವರು ಇದನ್ನು ಬೆರಕೆ ಎನ್ನಬಹುದು. ನನ್ನ ಎಣಿಕೆಯಲ್ಲಿ ಇದೇ ಸರಿಯಾದ ಆಯ್ಕೆ. ಜೆಡ್80 ಚಿಪ್ಪನ್ನು ಅನುಕರಿಸುವುದು ದೊಡ್ಡ ಸಾಹಸವಲ್ಲ, ಹವ್ಯಾಸಿಗಳೇ ಎಷ್ಟೋ ಸಲ ಮಾಡಿದ್ದಾರೆ. ಇಂಥ ಕೃತಿಗಳಲ್ಲಿ ಕಷ್ಟ ಇರುವುದು ಚಿಪ್‌ನ ಹೊರಗೆ, ತಟ್ಟೆ, ಸ್ವಿಚ್, ಟಚ್‌ಸ್ಕ್ರೀನ್ ಇವುಗಳ ಒಡನಾಟದಲ್ಲಿ. ಅದಕ್ಕಿಂತ ದೊಡ್ಡ ಲಾಭ ಬೇರೆ: ಕೋಡ್ ಉಳಿಯಿತು. ಕಲಾವಿದರು ಯಾವ ದೃಶ್ಯಕ್ಕೆ ಯಾವ ದೃಶ್ಯವನ್ನು ಕಟ್ಟಿದರು, ಮುಟ್ಟಲು ಎಷ್ಟು ಹೊತ್ತು ಅವಕಾಶ ಕೊಟ್ಟರು, ಎಲ್ಲಿ ಮನಸ್ಸು ಬದಲಾಯಿಸಿದರು ಎಂಬುದೆಲ್ಲ ಇರುವುದು ಅಲ್ಲಿ. ಕವಿಯೊಬ್ಬನ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳಿಗೆ ಇರುವ ಬೆಲೆಯೇ ಅದಕ್ಕೂ ಇದೆ. ಹೊಸದಾಗಿ ಬರೆದಿದ್ದರೆ ನಡವಳಿಕೆ ಉಳಿದು ಯೋಚನೆ ಕಳೆದುಹೋಗುತ್ತಿತ್ತು.

ಪಕ್ಕಪಕ್ಕ ಇಟ್ಟಾಗ

ಈಗ ತಡಕಾಟದ ಆ ಒಂದೆರಡು ಸೆಕೆಂಡಿಗೆ ಬರೋಣ. ಹಾರ್ಡ್‌ಡಿಸ್ಕ್‌ನಲ್ಲಿ ಫೈಲ್ ಹುಡುಕಲು ಅಷ್ಟು ಹೊತ್ತು ಬೇಡ. ಬೆರಳು ತಾಗಿದ ಕೂಡಲೇ ಹೊಸ ಚಿತ್ರ ತರಬಹುದು. ತರಬೇಕೇ?

ಇದಕ್ಕೆ ಎರಡು ಉತ್ತರಗಳಿವೆ, ಎರಡಕ್ಕೂ ಬಲವಿದೆ. ತಡ ಎನ್ನುವುದು ಯಂತ್ರದ ದೋಷ, ಕಲಾವಿದರು ಅದನ್ನು ಮುಚ್ಚಲು ಮೂರು ಪ್ಲೇಯರ್ ಇಟ್ಟು ಹೆಣಗಿದರು, ಈಗ ಮುಚ್ಚುವ ಅಗತ್ಯವೇ ಇಲ್ಲ, ತೆಗೆದುಹಾಕಿ ಎನ್ನುವುದು ಒಂದು. ತಡ ಇದೆ ಎಂದು ತಿಳಿದೇ ಪ್ರತಿಯೊಂದು ಕತ್ತರಿಯನ್ನೂ ಹಾಕಿದ್ದಾರೆ, ದೃಶ್ಯಗಳ ಉದ್ದ, ಹಾಡಿನ ಮೇಲೆ ಚಿತ್ರ ಬಂದು ಕೂರುವ ಜಾಗ ಎಲ್ಲವೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿವೆ, ತಡವನ್ನು ತೆಗೆದರೆ ಲಯವೇ ಬದಲಾಗುತ್ತದೆ ಎನ್ನುವುದು ಇನ್ನೊಂದು. ನಾನು ಎರಡನೆಯ ಕಡೆ. ಅದೂ ಈ ಕೃತಿಯ ವಸ್ತುವನ್ನು ನೋಡಿ. ಮಗು ಕರೆಯುತ್ತದೆ, ಅಪ್ಪ ತಡವಾಗಿ ಏಳುತ್ತಾನೆ. ನೋಡುಗ ಮುಟ್ಟುತ್ತಾನೆ, ಚಿತ್ರ ತಡವಾಗಿ ತಿರುಗುತ್ತದೆ. ಕಲಾವಿದರು ಇದನ್ನು ಬೇಕೆಂದೇ ಮಾಡಿದರು ಎಂದು ಹೇಳುತ್ತಿಲ್ಲ. ಆದರೆ ಯಂತ್ರ ಕೊಟ್ಟ ಆ ತಡ ಕೃತಿಯೊಳಗೆ ಅರ್ಥ ಪಡೆದುಕೊಂಡು ಕೂತಿದೆ. ಹೊಸ ಕಂಪ್ಯೂಟರ್‌ಗೆ ‘ಸ್ವಲ್ಪ ಕಾದು ಆಮೇಲೆ ತೋರಿಸು’ ಎಂದು ಹೇಳುವುದು ಪ್ರೋಗ್ರಾಮರ್‌ಗೆ ವಿಚಿತ್ರವಾಗಿ ಕಾಣುತ್ತದೆ. ಬೇಕೆಂದೇ ನಿಧಾನ ಮಾಡುವ ಸಾಲು ಬರೆಯಲು ಅವರ ಕೈ ಏಳುವುದಿಲ್ಲ. ಸಂಶೋಧಕ ಪಕ್ಕದಲ್ಲಿ ಕೂತಿರಬೇಕಾದದ್ದು ಆಗಲೇ.

ಚಿತ್ರದ ಗುಣಮಟ್ಟದಲ್ಲೂ ಇಂಥದೇ ಕವಲು. ಲೇಸರ್‌ಡಿಸ್ಕ್‌ನಲ್ಲಿ ವಿಡಿಯೊ ಅನಲಾಗ್; ಮೂಲ ಟೇಪ್‌ನಿಂದ ಡಿಜಿಟಲ್ ಮಾಡಿದರೆ ಚಿತ್ರ ಚೊಕ್ಕವಾಗಿ ಬರುತ್ತದೆ, ಆದರೆ 1980ರ ದಶಕದಲ್ಲಿ ಯಾರೂ ಆ ಚೊಕ್ಕ ಚಿತ್ರವನ್ನು ನೋಡಿರಲಿಲ್ಲ. ಡಿಸ್ಕ್‌ನಿಂದಲೇ ಮಾಡಿದರೆ ಹಳೆಯ ಮಸುಕೂ ಜೊತೆಗೆ ಬರುತ್ತದೆ, ಅದರ ಜೊತೆ ತಟ್ಟೆಗೆ ಆಮೇಲೆ ಅಂಟಿದ ಕಾಯಿಲೆಯೂ ಬರುತ್ತದೆ. ಡಬ್ಬಿ ಟಿವಿಯ ಗಾಜಿನ ಮೇಲೆ ಬೆರಳಿಡುವುದಕ್ಕೂ ಚಪ್ಪಟೆ ಪರದೆಯ ಮೇಲೆ ಇಡುವುದಕ್ಕೂ ವ್ಯತ್ಯಾಸವಿದೆ. ಈ ವಿಷಯಗಳನ್ನು ಹೆಚ್ಚು ಎಳೆಯುವುದಿಲ್ಲ. ಚಿತ್ರಕಲೆಯ ಜೀರ್ಣೋದ್ಧಾರದಲ್ಲಿ ಇವೇ ವಾದಗಳು ಬೇರೆ ವೇಷದಲ್ಲಿ ಎಷ್ಟೋ ಕಾಲದಿಂದ ನಡೆದಿವೆ.

ಹೆಚ್ಚು ಗಮನಿಸಬೇಕಾದದ್ದು ಮೂಲವನ್ನೂ ಎಮ್ಯುಲೇಟ್ ಮಾಡಿದ್ದನ್ನೂ ಒಂದೇ ಕೋಣೆಯಲ್ಲಿ ಇಟ್ಟ ನಿರ್ಧಾರ. ಪರಿಣತರು ಕೂಡಿ ‘ಸರಿಯಾಗಿದೆ’ ಎಂದು ಸಹಿ ಹಾಕಿ ಮುಗಿಸಬಹುದಿತ್ತು. ಅದರ ಬದಲು ಹೋಲಿಕೆಯನ್ನೇ ಸಾರ್ವಜನಿಕವಾಗಿ ಮಾಡಿದರು. ಇಂಥ ಹೋಲಿಕೆಗೆ ಅವಕಾಶ ಇರುವುದು ಬಹಳ ಚಿಕ್ಕ ಅವಧಿಯಲ್ಲಿ ಮಾತ್ರ: ಹಳೆಯ ಯಂತ್ರ ಪೂರ್ತಿ ಸತ್ತಿರಬಾರದು, ಹೊಸದು ತಯಾರಾಗಿರಬೇಕು, ಕಲಾವಿದರು ಬಂದು ನೋಡಿ ಇದು ಹೌದು, ಇದು ಅಲ್ಲ ಎನ್ನುವಂತಿರಬೇಕು. 2004ರಲ್ಲಿ ಮೂರೂ ಕೂಡಿ ಬಂದವು. ಹಾಗಾಗಿ ಈ ಪ್ರಕರಣವನ್ನು ಎಮ್ಯುಲೇಶನ್‌ನ ಗೆಲುವು ಎಂದು ಹೇಳುವವರನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕೋಡ್ ಕಳೆದುಹೋಗಿದ್ದರೆ, ಅಥವಾ ಕೇಳಲು ವೈನ್‌ಬ್ರೆನ್ ಮತ್ತು ಫ್ರೀಡ್‌ಮನ್ ಸಿಗದೇ ಇದ್ದಿದ್ದರೆ, ಅದೇ ತಂತ್ರಜ್ಞಾನ ಹಿಡಿದುಕೊಂಡು ತಂಡ ಎಲ್ಲಿಗೂ ಮುಟ್ಟುತ್ತಿರಲಿಲ್ಲ.

ಆಮೇಲಿನ ಕೃತಿಗಳ ಗತಿ

ಈ ಅದೃಷ್ಟ ಆಮೇಲೆ ಬಂದ ಇಂಟರ್‌ಆಕ್ಟಿವ್ ಸಿನಿಮಾಗಳಿಗೆ ಸಿಕ್ಕಿಲ್ಲ. 2000ದ ನಂತರ ಇಂಟರ್‌ಆಕ್ಟಿವ್ ಸಾಕ್ಷ್ಯಚಿತ್ರಗಳ ಒಂದು ಒಳ್ಳೆಯ ಬೆಳೆ ಬಂತು, ಅದರಲ್ಲಿ ಬಹುಪಾಲು ಬ್ರೌಸರ್‌ನಲ್ಲಿ ಚಿತ್ರ, ವಿಡಿಯೊ ಓಡಿಸುವ ಫ್ಲ್ಯಾಶ್ ಎಂಬ ತಂತ್ರಾಂಶದ ಮೇಲೆ ನಿಂತಿತ್ತು. ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರ್‌ಗೆ ಬೆಂಬಲ ನಿಲ್ಲಿಸಿತು. 2021ರ ಜನವರಿ 12ರಿಂದ ಪ್ಲೇಯರ್ ತಾನೇ ಫ್ಲ್ಯಾಶ್ ಫೈಲ್ ಓಡಿಸಲು ನಿರಾಕರಿಸಿತು. ರಫಲ್ ಎಂಬ ಫ್ಲ್ಯಾಶ್ ಎಮ್ಯುಲೇಟರ್ ಒಂದಷ್ಟನ್ನು ಬದುಕಿಸಿದೆ, ಇಂಟರ್‌ನೆಟ್ ಆರ್ಕೈವ್ ಅದನ್ನೇ ಬಳಸುತ್ತಿದೆ. ಆದರೆ ಸರ್ವರ್‌ನಿಂದ ಆಗಾಗ ತುಣುಕು ತರಿಸಿಕೊಳ್ಳುತ್ತಿದ್ದ ಕೃತಿಗಳಿಗೆ ಎಮ್ಯುಲೇಟರ್ ಒಂದೇ ಸಾಲದು. ಆ ಸರ್ವರ್ ಕೂಡ ಬೇಕು. ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್ 2012ರಲ್ಲಿ ಹೊರತಂದ ‘ಬೇರ್ 71’ ಎಂಬ ಕೃತಿಯನ್ನು 2017ರಲ್ಲಿ ವರ್ಚುವಲ್ ರಿಯಾಲಿಟಿಗೆ ಹೊಂದುವಂತೆ ಮತ್ತೆ ಕಟ್ಟಿತು. ಅದು ವೇರಿಯಬಲ್ ಮೀಡಿಯಾದವರು ಎಲ್ಲಕ್ಕಿಂತ ಅಪಾಯದ್ದು ಎಂದ ನಾಲ್ಕನೆಯ ದಾರಿ. ಸಾರ್ವಜನಿಕ ಸಂಸ್ಥೆಯೊಂದು ಬೆನ್ನಿಗಿದ್ದರಿಂದ ಅದು ಸಾಧ್ಯವಾಯಿತು.

ವ್ಯಾಪಾರಿ ವೇದಿಕೆಗಳ ಕಥೆ ಇನ್ನೂ ಚಿಕ್ಕದು. ನೆಟ್‌ಫ್ಲಿಕ್ಸ್ 2018ರ ಕೊನೆಯಲ್ಲಿ ಭಾರಿ ಸದ್ದಿನೊಂದಿಗೆ ತಂದ ‘ಬ್ಯಾಂಡರ್‌ಸ್ನ್ಯಾಚ್’ ಎಂಬ, ನೋಡುಗರೇ ಕಥೆಯ ಕವಲು ಆರಿಸುವ ಚಿತ್ರವನ್ನು 2025ರ ಮೇ ತಿಂಗಳಲ್ಲಿ ತೆಗೆದುಹಾಕಿತು. ಲೇಸರ್‌ಡಿಸ್ಕ್‌ನ ಕೃತಿ ಇಪ್ಪತ್ತು ವರ್ಷ ತನ್ನ ಕಾಲ ಮೇಲೆ ನಿಂತಿತ್ತು. ಇದು ಏಳು ವರ್ಷ ತುಂಬುವ ಮೊದಲೇ ಹೋಯಿತು. ಇಲ್ಲಿ ಕೆಟ್ಟದ್ದು ಯಂತ್ರವಲ್ಲ. ಮನೆಯಲ್ಲಿ ಯಾರ ಬಳಿಯೂ ಪ್ರತಿ ಇಲ್ಲ, ಕವಲುಗಳನ್ನು ನಡೆಸುವ ತರ್ಕ ಕಂಪನಿಯ ವ್ಯವಸ್ಥೆಯೊಳಗೆ ಇದೆ.

ವಿಶ್ವವಿದ್ಯಾಲಯಗಳ ಸ್ಥಿತಿಯ ಬಗ್ಗೆ ಒಂದು ಮಾತು ಹೇಳದೆ ಹೋಗಲಾರೆ. ಕಲಾಭ್ಯಾಸವನ್ನೇ ಸಂಶೋಧನೆಯಾಗಿ ಸಲ್ಲಿಸುವ ಪಿಎಚ್‌ಡಿಗಳಲ್ಲಿ ಇಂಟರ್‌ಆಕ್ಟಿವ್ ಸಿನಿಮಾ ಮಾಡಿದ ಅಭ್ಯರ್ಥಿ ಎರಡು ವಸ್ತುಗಳನ್ನು ಕೊಡುತ್ತಾನೆ: ಕೃತಿ ಮತ್ತು ಅದರ ಜೊತೆಗಿನ ಬರಹ. ಗ್ರಂಥಾಲಯಕ್ಕೆ ಹೋಗುವುದು ಬರಹ. ಕೃತಿಯ ಹೆಸರಿನಲ್ಲಿ ಸಾಮಾನ್ಯವಾಗಿ ಹೋಗುವುದು ಒಬ್ಬರು ಒಮ್ಮೆ ನೋಡಿದ್ದರ ಪರದೆ ಚಿತ್ರೀಕರಣ, ಅಥವಾ ಕೆಲವೇ ವರ್ಷಗಳಲ್ಲಿ ಸತ್ತುಹೋಗುವ ಒಂದು ಲಿಂಕ್. ‘ದಿ ಎರ್ಲ್ ಕಿಂಗ್’ ಅನ್ನು ಯಾರೋ ಒಬ್ಬರು ಮುಟ್ಟುತ್ತಾ ಹೋದ ದಾಖಲೆ ಮಾತ್ರ ಉಳಿದಿದ್ದರೆ ನಮಗೆ ಸಿಗುತ್ತಿದ್ದದ್ದು ಹಾಡು ಮತ್ತು ಕನಸನ್ನು ಬೆರೆಸಿದ ಒಂದು ಪ್ರಯೋಗಚಿತ್ರ, ನೇರವಾದ ಗೆರೆಯಲ್ಲಿ. ಪರೀಕ್ಷಕರು ನೋಡಿ ಪದವಿ ಕೊಟ್ಟದ್ದು ಒಂದು ವಸ್ತುವಿಗೆ, ಮುಂದಿನ ಸಂಶೋಧಕನ ಕೈಗೆ ಸಿಗುವುದು ಇನ್ನೊಂದು.

ಹೀಗಾಗದಿರಲು ಬೇಕಾದದ್ದು ದೊಡ್ಡ ಪ್ರಯೋಗಾಲಯವಲ್ಲ. ಈ ಪ್ರಕರಣದಿಂದಲೇ ತೆಗೆದುಕೊಳ್ಳಬಹುದಾದ ಕೆಲಸಗಳಿವೆ: ಕೋಡನ್ನು ಓಡಿಸುವ ಪ್ಯಾಕೇಜ್ ಮಾತ್ರ ಇಡದೆ ಓದಬಹುದಾದ ಮೂಲ ರೂಪದಲ್ಲಿ, ಟಿಪ್ಪಣಿಗಳ ಸಮೇತ ಇಡುವುದು, ವಿಡಿಯೊ ತುಣುಕುಗಳನ್ನು ಕೋಡ್‌ನಲ್ಲಿ ಕರೆಯುವ ಹೆಸರಿನಲ್ಲೇ ಬೇರೆಬೇರೆಯಾಗಿ ಇಡುವುದು, ಬೆರಳು ತಾಗಿದ ಮೇಲೆ ಚಿತ್ರ ಬದಲಾಗಲು ಆ ಕಾಲದ ಯಂತ್ರದಲ್ಲಿ ಎಷ್ಟು ಹೊತ್ತು ಹಿಡಿಯುತ್ತಿತ್ತು ಎಂದು ಅಳೆದು ಬರೆಯುವುದು. ಕೊನೆಯದನ್ನು ಮಾಡುವವರು ತೀರಾ ಕಡಿಮೆ. ಯಂತ್ರ ಹೊಸದಿರುವಾಗ ಅದು ಅಳೆಯಬೇಕಾದ ವಿಷಯ ಎಂದು ಯಾರಿಗೂ ತೋಚುವುದಿಲ್ಲ.

ಇನ್ನು 2004ರ ಎಮ್ಯುಲೇಟರ್ ಕಥೆ. ಅದಕ್ಕೂ ಈಗ ಇಪ್ಪತ್ತು ವರ್ಷ ದಾಟಿದೆ, ಅಂದರೆ ಅದನ್ನು ಬರೆಯುವಾಗ ಸೋನಿ ಯಂತ್ರಕ್ಕೆ ಎಷ್ಟು ವಯಸ್ಸಾಗಿತ್ತೋ ಹತ್ತಿರಹತ್ತಿರ ಅಷ್ಟೇ. ಅದು ನಂಬಿಕೊಂಡ ಕಂಪ್ಯೂಟರ್, ಆಪರೇಟಿಂಗ್ ಸಿಸ್ಟಮ್, ವಿಡಿಯೊ ಫಾರ್ಮ್ಯಾಟ್ ಎಲ್ಲವೂ ಹಳೆಯವಾಗಿವೆ. ಮುಂದಿನ ಸರದಿಯಲ್ಲಿ ಇದನ್ನು ಕೈಗೆತ್ತಿಕೊಳ್ಳುವವರಿಗೆ ಎರಡು ದಾರಿ: ಡಿಮಿಟ್ರೋವ್‌ಸ್ಕಿಯ ಇಂಟರ್‌ಪ್ರಿಟರ್ ಓಡಿಸಲು ಇನ್ನೊಂದು ಎಮ್ಯುಲೇಟರ್ ಕಟ್ಟುವುದು, ಇಲ್ಲವೇ ಅದನ್ನು ಪಕ್ಕಕ್ಕಿಟ್ಟು ಪಾಸ್ಕಲ್ ಕೋಡ್‌ಗೆ ಹೊಸ ಇಂಟರ್‌ಪ್ರಿಟರ್ ಬರೆಯುವುದು. ನಾನಾದರೆ ಎರಡನೆಯದನ್ನು ಆರಿಸುತ್ತೇನೆ, 2004ರ ಇಂಟರ್‌ಪ್ರಿಟರ್‌ನ ಕೋಡನ್ನೂ ಪಕ್ಕದಲ್ಲಿ ತೆರೆದಿಟ್ಟುಕೊಂಡು. ಕಲಾವಿದರು ಬಂದು ನೋಡಿ ಹೌದು ಎಂದು ಒಪ್ಪಿದ ಕೊನೆಯ ರೂಪ ಹೇಗಿತ್ತು ಎಂಬುದಕ್ಕೆ ಸಾಲುಸಾಲಿನ ಸಾಕ್ಷಿ ಇರುವುದು ಅದರಲ್ಲಿ.